ಕಲಬುರಗಿಯಲ್ಲಿ ಒಳ್ಳೆಯ ಮೆಕ್ಸಿಕನ್ ಊಟ ಹುಡುಕುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

"ಟಾಕೊ ತರಿಸಿದ್ವಿ, ಚಪಾತಿಗೆ ಕೆಚಪ್ ಹಚ್ಚಿ ಮಡಚಿ ಕೊಟ್ಟಂಗಿತ್ತು." "ಸ್ಟಾರ್ ಏನೋ ಚೆನ್ನಾಗೇ ಇದ್ವು, ಬರಿಟೊ ತುಂಬಾ ಬರೀ ಮೇಯೊನೀಸ್." ಕಲಬುರಗಿಯಲ್ಲಿ ಮೆಕ್ಸಿಕನ್ ಊಟ ಹುಡುಕಿ ಸೋತವರು ಹೇಳುವುದು ಹೆಚ್ಚುಕಮ್ಮಿ ಇದನ್ನೇ. ಎಲ್ಲರೂ ಎಡವುವ ಜಾಗವೂ ಒಂದೇ. ಮೊದಲು ಆ್ಯಪ್ ತೆರೆಯುತ್ತಾರೆ. ಸ್ಟಾರ್ ನೋಡುತ್ತಾರೆ. ಮೆನುವಿನಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದನ್ನು ಮನೆಗೆ ತರಿಸುತ್ತಾರೆ. ಅದು ಮೆತ್ತಗಾಗಿ, ತಣ್ಣಗಾಗಿ ಬರುತ್ತದೆ. "ನಮ್ಮೂರಲ್ಲಿ ಇದೆಲ್ಲ ಸಿಗಲ್ಲ ಬಿಡ್ರಿ" ಅಂತ ಅಲ್ಲಿಗೇ ಕೈಬಿಡುತ್ತಾರೆ.

ಈ ಕ್ರಮವನ್ನೇ ತಿರುಗಿಸಬೇಕು. ಹೋಟೆಲ್ ಬೋರ್ಡ್ ಮೇಲೆ "ಮೆಕ್ಸಿಕನ್" ಎಂದು ಬರೆದಿದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಆ ಅಡುಗೆಮನೆಯಲ್ಲಿ ಟೋರ್ಟಿಯಾ (ಮೆಕ್ಸಿಕನ್ನರ ತೆಳ್ಳಗಿನ ರೊಟ್ಟಿ), ಕಾಳು, ಸಾಲ್ಸಾ (ಟೊಮೆಟೊ, ಮೆಣಸಿನಕಾಯಿಯ ಚಟ್ನಿ) ಈ ಮೂರರಲ್ಲಿ ಎಷ್ಟು ತಾಜಾ ಆಗುತ್ತವೆ ಎಂದು ನೋಡಬೇಕು. ಮೂರರಲ್ಲಿ ಎರಡು ಸರಿ ಇದ್ದರೂ ಆ ಜಾಗ ನಿಮ್ಮ ಪಟ್ಟಿಯಲ್ಲಿ ಉಳಿಯಲಿ.

ಬೇಕಾಗುವುದು ಇಷ್ಟು

ಮ್ಯಾಪ್ ಇರುವ ಫೋನ್, ಅದರಲ್ಲಿ ಝೊಮ್ಯಾಟೊ ಮತ್ತು ಸ್ವಿಗ್ಗಿ ಎರಡೂ ಇರಲಿ. ಬರೆದಿಟ್ಟುಕೊಳ್ಳಲು ಫೋನಿನ ನೋಟ್ಸ್ ಸಾಕು. ಜೊತೆಗೆ ಒಬ್ಬರೋ ಇಬ್ಬರೋ ಗೆಳೆಯರು ಬೇಕು. ಒಬ್ಬರೇ ಹೋದರೆ ಮೂರು ಐಟಂ ರುಚಿ ನೋಡಲು ಆಗುವುದಿಲ್ಲ, ದುಡ್ಡೂ ದಂಡ. ಒಂದೆರಡು ವಾರದ ತಾಳ್ಮೆ ಇಟ್ಟುಕೊಳ್ಳಿ. ಇದು ಒಂದೇ ಸಂಜೆಗೆ ಮುಗಿಯುವ ಕೆಲಸವಲ್ಲ.

ಹಂತ 1: ನಿಮಗೆ ಯಾವ ಮೆಕ್ಸಿಕನ್ ಬೇಕು ಎಂದು ತೀರ್ಮಾನಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಮುಂದಿನ ಬೇಸರಕ್ಕೆಲ್ಲ ಮೂಲವೂ ಇದೇ. ಮೆನುವಿನಲ್ಲಿ "ಮೆಕ್ಸಿಕನ್" ಎಂಬ ಒಂದೇ ತಲೆಬರಹದ ಕೆಳಗೆ ಮೂರು ಬೇರೆ ಬೇರೆ ಅಡುಗೆಗಳು ಕೂತಿರುತ್ತವೆ.

ಒಂದು, ಮೆಕ್ಸಿಕೊದ್ದೇ ಅಡುಗೆ. ಅಲ್ಲಿ ಟಾಕೊ ಎಂದರೆ ಮೆತ್ತಗಿನ, ಚಿಕ್ಕ ಮೆಕ್ಕೆಜೋಳದ ಟೋರ್ಟಿಯಾ. ಮೇಲೆ ಮಾಂಸ ಅಥವಾ ಕಾಳು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಖಾರದ ಸಾಲ್ಸಾ, ನಿಂಬೆ ಹೋಳು. ಚೀಸ್ ಇದ್ದರೂ ಸ್ವಲ್ಪ, ಅದೂ ಬಿಳಿ ಚೀಸ್. ಆದರೆ ಗೋಧಿ ಟೋರ್ಟಿಯಾ ಕಂಡ ತಕ್ಷಣ ನಕಲಿ ಎನ್ನಬೇಡಿ. ಮೆಕ್ಸಿಕೊದ ಉತ್ತರದ ಸೊನೋರಾ, ಚಿವಾವಾ ರಾಜ್ಯಗಳಲ್ಲಿ ಗೋಧಿ ಟೋರ್ಟಿಯಾ ದಿನನಿತ್ಯದ ಊಟ. ಅದರೊಳಗೆ ಪದಾರ್ಥ ತುಂಬಿ ಸುರುಳಿ ಸುತ್ತಿದ ಬರಿಟೊ ಕೂಡ ಆ ಕಡೆಯದೇ.

ಎರಡು, ಟೆಕ್ಸ್‌-ಮೆಕ್ಸ್. ಅಮೆರಿಕದ ಟೆಕ್ಸಾಸ್ ಕಡೆ ಬೆಳೆದ ರೀತಿ. ಕರಿದು ಗಟ್ಟಿ ಮಾಡಿದ ಟಾಕೊ ಚಿಪ್ಪು, ಹಳದಿ ಚೆಡ್ಡಾರ್ ಚೀಸ್, ಎದ್ದು ಕಾಣುವ ಜೀರಿಗೆ, ಹುಳಿ ಕ್ರೀಮ್, ಬಿಸಿ ತಟ್ಟೆಯಲ್ಲಿ ಚುರ್ ಎನ್ನುತ್ತಾ ಬರುವ ಫಹೀಟಾ ಎಲ್ಲ ಈ ಗುಂಪಿನವು. ಟಾಕೊ ಬೆಲ್‌ನಂಥ ದೊಡ್ಡ ಸರಣಿಗಳ ಮೆನು ಬಹುತೇಕ ಇದೇ ದಾರಿಯದು.

ಮೂರು, ನಮ್ಮ ದೇಶದ್ದೇ ಮೆಕ್ಸಿಕನ್. ಟೋರ್ಟಿಯಾ ಒಳಗೆ ಪನೀರ್ ಟಿಕ್ಕಾ ಅಥವಾ ತಂದೂರಿ ಚಿಕನ್, ಮೇಲೆ ಮೇಯೊನೀಸ್, ಪೆರಿಪೆರಿ ಪುಡಿ. "ಮೆಕ್ಸಿಕನ್ ಪಿಜ್ಜಾ", "ಮೆಕ್ಸಿಕನ್ ಸಿಜ್ಲರ್", "ಮೆಕ್ಸಿಕನ್ ಫ್ರೈಡ್ ರೈಸ್" ಎಲ್ಲ ಇಲ್ಲಿಗೆ ಸೇರುತ್ತವೆ. ಇದನ್ನು ಇಷ್ಟಪಟ್ಟು ತಿನ್ನುವುದರಲ್ಲಿ ತಪ್ಪೇನಿಲ್ಲ. ಮೊದಲನೆಯದು ಬೇಕು ಎಂದು ಹೋಗಿ ಇದನ್ನು ತಿಂದು ಬಂದರೆ ಮಾತ್ರ ಬೇಜಾರಾಗುತ್ತದೆ.

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಎರಡು ಮತ್ತು ಮೂರನೆಯ ಬಗೆ. ಆದರೆ ಮೊದಲ ಬಗೆಯ ಅರ್ಧ ರುಚಿಗೆ ಬೇಕಾದ್ದೆಲ್ಲ ನಮ್ಮ ಮಾರ್ಕೆಟ್‌ನಲ್ಲೇ ಇದೆ. ಟೊಮೆಟೊ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಕೊತ್ತಂಬರಿ, ಇಂಡಿ ಕಡೆಯಿಂದ ಬರುವ ನಿಂಬೆ. ಮನಸ್ಸಿರುವ ಅಡುಗೆಯವನಿಗೆ ಒಳ್ಳೆಯ ಸಾಲ್ಸಾ ಮಾಡಲು ವಿದೇಶಿ ಸಾಮಾನು ಏನೂ ಬೇಕಿಲ್ಲ. ಹಾಗಾಗಿ ನಿರೀಕ್ಷೆ ಹೀಗಿರಲಿ: ಟೆಕ್ಸ್‌-ಮೆಕ್ಸ್ ರೀತಿಯ ತಟ್ಟೆ, ತಾಜಾ ಸಾಲ್ಸಾ, ಚೆನ್ನಾಗಿ ಬೆಂದ ಕಾಳು. ಇದು ಸಿಗುವಂಥದ್ದು.

ಹಂತ 2: ಹೋಟೆಲ್ ಬದಲು ತಿಂಡಿಯ ಹೆಸರಿನಿಂದ ಹುಡುಕಿ

ಮ್ಯಾಪ್‌ನಲ್ಲಿ "ಮೆಕ್ಸಿಕನ್ ರೆಸ್ಟೋರೆಂಟ್" ಎಂದು ಹುಡುಕಿದರೆ ಫಲಿತಾಂಶ ಬಡವಾಗಿರುತ್ತದೆ. ನಮ್ಮಲ್ಲಿ ಈ ತಿಂಡಿಗಳು ಕೆಫೆ, ಪಿಜ್ಜಾ-ಬರ್ಗರ್ ಅಂಗಡಿ, ದೊಡ್ಡ ಮೆನುವಿನ ಫ್ಯಾಮಿಲಿ ರೆಸ್ಟೋರೆಂಟ್‌ಗಳ ಒಳಗೆ ಅಡಗಿರುತ್ತವೆ. ಟಾಕೊ, ಬರಿಟೊ, ಕೆಸಡಿಯಾ (ಚೀಸ್ ಇಟ್ಟು ಮಡಚಿ ಕಾಯಿಸಿದ ಟೋರ್ಟಿಯಾ), ನಾಚೋಸ್ (ಮೆಕ್ಕೆಜೋಳದ ಚಿಪ್ಸ್ ಮೇಲೆ ಚೀಸ್), ಎಂಚಿಲಾಡಾ (ಸಾಸ್ ಸುರಿದ ಟೋರ್ಟಿಯಾ ಸುರುಳಿ), ಹೀಗೆ ಒಂದೊಂದನ್ನೇ ಬೇರೆ ಬೇರೆಯಾಗಿ ಹುಡುಕಿ. ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ, ಸ್ಪೆಲ್ಲಿಂಗ್ ಒಂದಷ್ಟು ಬದಲಿಸಿಯೂ ನೋಡಿ. ಅಂಗಡಿಯವರು ಮೆನುವಿನಲ್ಲಿ ಕೆಸಡಿಯಾವನ್ನು ನಾನಾ ರೀತಿ ಬರೆದಿರುತ್ತಾರೆ.

ಊರಿನ ಹೆಸರಿನದೂ ಒಂದು ತೊಡಕು. 2014ರ ನವೆಂಬರ್ 1ರಿಂದ ಊರು ಅಧಿಕೃತವಾಗಿ ಕಲಬುರಗಿ. ಆದರೂ ಎಷ್ಟೋ ಅಂಗಡಿಗಳು ಇಂಟರ್ನೆಟ್‌ನಲ್ಲಿ ಇನ್ನೂ ಗುಲ್ಬರ್ಗಾ ಹೆಸರಿನಲ್ಲೇ ಇವೆ. ಕಲಬುರಗಿ, ಕಲಬುರ್ಗಿ, ಗುಲ್ಬರ್ಗಾ ಮೂರನ್ನೂ ಹಾಕಿ ನೋಡಿ.

ಮ್ಯಾಪ್ ನೀವು ನಿಂತ ಜಾಗದ ಸುತ್ತಮುತ್ತಲಿನದನ್ನು ಮೊದಲು ತೋರಿಸುತ್ತದೆ. ಜೇವರ್ಗಿ ರೋಡಿನ ಮನೆಯಲ್ಲಿ ಕೂತು ಹುಡುಕಿದವರಿಗೆ ಸೇಡಂ ರೋಡಿನ ಕೆಫೆ ಕಾಣದೇ ಹೋಗಬಹುದು. ಮ್ಯಾಪ್ ಸರಿಸುತ್ತಾ ಸೂಪರ್ ಮಾರ್ಕೆಟ್, ಸ್ಟೇಷನ್ ರೋಡ್, ಸೇಡಂ ರೋಡ್, ಜೇವರ್ಗಿ ರೋಡ್, ರಿಂಗ್ ರೋಡ್ ಒಂದೊಂದರಲ್ಲೂ ಮತ್ತೆ ಹುಡುಕಿ. ಕಾಲೇಜು ಹುಡುಗ ಹುಡುಗಿಯರು ಓಡಾಡುವ ಕಡೆ ವಿಶೇಷವಾಗಿ ನೋಡಿ. ಹೊಸ ತಿಂಡಿಗಳು ಮೊದಲು ಬರುವುದು ಅಲ್ಲಿಗೇ.

ಐದಾರು ಹೆಸರು ಸಿಕ್ಕರೆ ಸಾಕು, ನಿಲ್ಲಿಸಿ. ಆಮೇಲೆ ಆ್ಯಪ್‌ನಲ್ಲಿ ಪ್ರತಿಯೊಂದರ ವಿಳಾಸ ಹೋಲಿಸಿ. ಪುಟದ ಕೆಳಗೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರುತ್ತದೆ, ಅದನ್ನೂ ನೋಡಿ. ಒಂದೇ ವಿಳಾಸ, ಒಂದೇ ನಂಬರಿನ ಮೇಲೆ ಬಿರಿಯಾನಿ, ಮೋಮೊ, ಟಾಕೊ ಮೂರು ಹೆಸರಿನಲ್ಲಿ ನಡೆಯುತ್ತಿದ್ದರೆ ಅದು ಹೆಚ್ಚಾಗಿ ಒಂದೇ ಕ್ಲೌಡ್ ಕಿಚನ್, ಅಂದರೆ ಮನೆಗೆ ತಲುಪಿಸಲಷ್ಟೇ ಅಡುಗೆ ಮಾಡುವ ಜಾಗ. ಅದರಲ್ಲಿ ತಪ್ಪಿಲ್ಲ, ಆದರೆ ಹೋಗಿ ಕೂತು ತಟ್ಟೆ ನೋಡಲು ಆಗುವುದಿಲ್ಲವಲ್ಲ. ಅದನ್ನು ಪಟ್ಟಿಯ ಕೊನೆಗೆ ಹಾಕಿ.

ಹಂತ 3: ಸ್ಟಾರ್ ಬಿಟ್ಟು ಫೋಟೋ ಓದಿ

ನಾಲ್ಕೂವರೆ ಸ್ಟಾರ್ ಬಂದಿರುವುದು ಯಾವುದಕ್ಕೆ? ಹೆಚ್ಚಿನ ಕಡೆ ಬಿರಿಯಾನಿಗೆ, ತಂದೂರಿಗೆ, ಎಸಿಗೆ, ಪಾರ್ಕಿಂಗ್‌ಗೆ. ಆ ಹೋಟೆಲಿನ ಟಾಕೊ ಬಗ್ಗೆ ಆ ಅಂಕಿ ಏನೂ ಹೇಳುವುದಿಲ್ಲ. ಅಭಿಪ್ರಾಯಗಳ ಒಳಗೇ ಹುಡುಕುವ ಜಾಗ ಇರುತ್ತದೆ. ಅಲ್ಲಿ ಟಾಕೊ, ನಾಚೋಸ್ ಎಂದು ಹಾಕಿ ಬರೀ ಅವನ್ನೇ ಓದಿ. ಐದು ಸ್ಟಾರ್ ಕೊಟ್ಟು "ಸೂಪರ್" ಎಂದು ಬರೆದವರನ್ನು ಬಿಡಿ. ಮೂರು ಸ್ಟಾರ್ ಕೊಟ್ಟವರು ಏನು ಸರಿ ಇತ್ತು, ಏನು ಸರಿ ಇರಲಿಲ್ಲ ಎಂದು ಬಿಡಿಸಿ ಬರೆದಿರುತ್ತಾರೆ. ನಿಮಗೆ ಬೇಕಾದ್ದು ಅದೇ.

ಫೋಟೋಗಳಲ್ಲಿ ಅಂಗಡಿಯವರು ಹಾಕಿದ್ದನ್ನು ಬದಿಗಿಡಿ, ತಿಂದವರು ಹಾಕಿದ್ದನ್ನು ನೋಡಿ. ಟೋರ್ಟಿಯಾ ಮೇಲೆ ಒಂದೊಂದು ಕಡೆ ಒಂದೊಂದು ಗಾತ್ರದ ಕಂದು ಚುಕ್ಕೆ ಇದ್ದರೆ ಅದು ಹಂಚಿನ ಮೇಲೆ ಚೆನ್ನಾಗಿ ಕಾದಿದೆ. ಬೆಳ್ಳಗೆ, ನುಣ್ಣಗೆ ಇದ್ದರೆ ಪ್ಯಾಕೆಟ್‌ನಿಂದ ತೆಗೆದು ಸುಮ್ನೆ ಬೆಚ್ಚಗೆ ಮಾಡಿದ್ದಾರೆ. ಪ್ರತಿ ಫೋಟೋದಲ್ಲೂ ಒಂದೇ ಬಿಳಿ ಸಾಸ್ ಅಡ್ಡಡ್ಡ ಗೆರೆ ಎಳೆದಿದ್ದರೆ ಒಳಗಿನ ರುಚಿಯನ್ನು ಆ ಸಾಸೇ ನುಂಗಿರುತ್ತದೆ. ಪಕ್ಕದಲ್ಲಿ ಸಣ್ಣ ಬಟ್ಟಲಲ್ಲಿ ಸಾಲ್ಸಾ, ನಿಂಬೆ ಹೋಳು ಕಂಡರೆ ಒಳ್ಳೆಯ ಗುರುತು. ಫೋಟೋ ಯಾವಾಗಿನದು ಎಂಬುದನ್ನೂ ನೋಡಿ. ಎರಡು ವರ್ಷ ಹಳೆಯದಾದರೆ ಆಗಿನ ಅಡುಗೆಯವರು ಈಗ ಅಲ್ಲಿ ಇರಲಿಕ್ಕಿಲ್ಲ.

ಇನ್ನೊಂದು ದಾರಿ, ತಿಂದು ಗೊತ್ತಿರುವವರನ್ನು ಕೇಳುವುದು. ಅಮೆರಿಕದಲ್ಲಿ ಓದಿ ಅಥವಾ ಕೆಲಸ ಮಾಡಿ ಬಂದವರು ಈಗ ಎಷ್ಟೋ ಮನೆಗಳಲ್ಲಿದ್ದಾರೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಬೇರೆ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿದ್ದಾರೆ. "ಚೆನ್ನಾಗಿದೆಯಾ?" ಎಂದು ಕೇಳಬೇಡಿ, ಎಲ್ಲರೂ "ಹೂಂ" ಅಂತಾರೆ. "ಸಾಲ್ಸಾ ಸಿಹಿ ಇತ್ತಾ, ಖಾರ ಇತ್ತಾ? ರಾಜ್ಮಾ ಬೆಂದಿತ್ತಾ?" ಎಂದು ಕೇಳಿ.

ಹಂತ 4: ಹೋಗುವ ಮೊದಲು ಫೋನ್ ಮಾಡಿ

ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಂಜೆಯದು ಶುರುವಾಗುವ ಮುಂಚೆ, ನಾಲ್ಕು ಗಂಟೆ ಸುಮಾರಿಗೆ ಮಾಡಿ. ಆಗ ಮಾತಾಡುವ ವ್ಯವಧಾನ ಇರುತ್ತದೆ. ವಿಚಾರಣೆ ಮಾಡುವ ದನಿ ಬೇಡ. ನಾಲ್ಕು ಪ್ರಶ್ನೆ ಸಾಕು.

"ಅಣ್ಣಾರ, ಟಾಕೊ, ಕೆಸಡಿಯಾ ದಿನಾ ಇರ್ತಾವೇನ್ರೀ, ಶನಿವಾರ ಭಾನುವಾರ ಅಷ್ಟೇನಾ?"
"ಟೋರ್ಟಿಯಾ ನೀವೇ ಮಾಡ್ತೀರೋ, ಪ್ಯಾಕೆಟ್ ತರಸ್ತೀರೋ?"
"ಸಾಲ್ಸಾ ಅಲ್ಲೇ ರುಬ್ಬತೀರೇನ್ರೀ?"
"ರಾಜ್ಮಾ ಹಾಕ್ತೀರೋ, ಬರೀ ಕಾರ್ನ್, ಕ್ಯಾಪ್ಸಿಕಂ ಹಾಕ್ತೀರೋ?"

ಉತ್ತರ ಏನು ಬಂತು ಎನ್ನುವುದಕ್ಕಿಂತ ಹೇಗೆ ಬಂತು ಎಂದು ಗಮನಿಸಿ. "ಟೋರ್ಟಿಯಾ ಪ್ಯಾಕೆಟ್ದು ರೀ, ಸಾಲ್ಸಾ ನಾವೇ ಮಾಡ್ತೀವಿ" ಎಂದು ನೇರವಾಗಿ ಹೇಳಿದವರ ಕಡೆ ಧೈರ್ಯವಾಗಿ ಹೋಗಿ. "ಎಲ್ಲಾ ಫ್ರೆಶ್ಶೇ ಸರ್, ಬನ್ನಿ" ಎಂದಷ್ಟೇ ಹೇಳಿದರೆ ಅವರಿಗೆ ಗೊತ್ತಿಲ್ಲ, ಇಲ್ಲವೇ ಹೇಳಲು ಇಷ್ಟವಿಲ್ಲ.

ಸಸ್ಯಾಹಾರಿಗಳು ಮತ್ತು ಹಲಾಲ್ ನೋಡುವವರು ಈ ಫೋನಿನಲ್ಲೇ ಇನ್ನೂ ಸ್ವಲ್ಪ ಕೇಳಬೇಕು. ಮೆಕ್ಸಿಕೊದಲ್ಲಿ ಹುರಿದ ಕಾಳನ್ನು ಸಂಪ್ರದಾಯವಾಗಿ ಹಂದಿಯ ಕೊಬ್ಬಿನಲ್ಲಿ ಮಾಡುತ್ತಾರೆ. ಕಾರ್ನಿಟಾಸ್ ಮತ್ತು ಆಲ್ ಪಾಸ್ಟರ್ ಎರಡೂ ಮೂಲದಲ್ಲಿ ಹಂದಿಮಾಂಸದ ಅಡುಗೆಗಳು. ನಮ್ಮೂರಿನ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಎಣ್ಣೆಯೇ ಬಳಸುತ್ತಾರೆ. ಆದರೆ ಬೇರೆ ಊರಿಗೆ ಹೋದಾಗ, ಡಬ್ಬಿಯಲ್ಲಿ ಬರುವ ಕಾಳು ಬಳಸುವ ಕಡೆ, ಕೇಳದೆ ತಿನ್ನಬೇಡಿ. ಅನ್ನವನ್ನು ಚಿಕನ್ ಸಾರಿನಲ್ಲಿ ಬೇಯಿಸುವ ರೂಢಿಯೂ ಇದೆ. ಮೇಯೊನೀಸ್‌ನಲ್ಲಿ ಮೊಟ್ಟೆ ಇದೆಯೇ, ಕಾಯಿಪಲ್ಲೆ ಮತ್ತು ಚಿಕನ್ ಒಂದೇ ಹಂಚಿನ ಮೇಲೆ ಕಾಯಿಸುತ್ತಾರೆಯೇ ಎಂದೂ ಕೇಳಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನದ ಮನೆಯವರಿಗೆ ಇದು ಕಷ್ಟದ ಅಡುಗೆ. ಸಾಲ್ಸಾದಲ್ಲೇ ಉಳ್ಳಾಗಡ್ಡಿ ಇರುತ್ತದೆ. ಹಿಂದಿನ ದಿನವೇ ಹೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಹಂತ 5: ಹೊತ್ತು ನೋಡಿ ಹೋಗಿ

ವಾರದ ನಡುವಿನ ದಿನ, ರಾತ್ರಿ ಏಳರಿಂದ ಎಂಟೂವರೆ ಒಳಗೆ ಹೋಗಿ. ಭಾನುವಾರ ರಾತ್ರಿ ಫ್ಯಾಮಿಲಿ ಗದ್ದಲದಲ್ಲಿ ಅಡುಗೆಯವರ ಕೈ ಬಿರಿಯಾನಿ, ತಂದೂರಿ ಮೇಲೇ ಇರುತ್ತದೆ. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ, ರಂಜಾನ್ ಸಂಜೆಗಳಲ್ಲಿ ಈ ಪರೀಕ್ಷೆ ಬೇಡ. ಆಗ ತಿನ್ನಲು ಬೇರೆಯೇ ಒಳ್ಳೊಳ್ಳೆಯ ಪದಾರ್ಥಗಳಿವೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತು ಕ್ರೀಮ್, ಹಸಿ ತರಕಾರಿ, ಗ್ವಾಕಮೋಲೆ (ಹಿಸುಕಿದ ಬೆಣ್ಣೆಹಣ್ಣಿನ ಚಟ್ನಿ) ಇರುವುದನ್ನು ತಿನ್ನದಿರುವುದೇ ಸರಿ.

ಹಂತ 6: ಮೊದಲ ಆರ್ಡರ್ ಚಿಕ್ಕದಿರಲಿ

ಮೊದಲ ಸಲ ಬರಿಟೊ ಹೇಳಬೇಡಿ. ಅನ್ನ, ಕಾಳು, ಚೀಸ್, ಸಾಸ್ ಎಲ್ಲ ಒಂದೇ ಸುರುಳಿಯಲ್ಲಿ ತುಂಬಿರುವುದರಿಂದ ಯಾವುದು ಸರಿ, ಯಾವುದು ತಪ್ಪು ಗೊತ್ತೇ ಆಗುವುದಿಲ್ಲ. ಚೀಸ್ ಸುರಿದ ನಾಚೋಸ್ ಕೂಡ ಹಾಗೇ, ಕರಗಿದ ಚೀಸ್ ಕೆಳಗೆ ಎಲ್ಲ ತಪ್ಪೂ ಮುಚ್ಚಿಹೋಗುತ್ತದೆ.

ಮೂರು ಹೇಳಿ. ಒಂದು ಸಾದಾ ಟಾಕೊ, ಕಾಳಿನದೋ ಚಿಕನ್‌ದೋ. ಒಂದು ರಾಜ್ಮಾ ಮತ್ತು ಚೀಸ್ ಇರುವ ಕೆಸಡಿಯಾ. ಒಂದು ಪ್ಲೇಟ್ ಚಿಪ್ಸ್, ಸಾಲ್ಸಾ ಬೇರೆ ಬಟ್ಟಲಲ್ಲಿ. ಮೇಯೊನೀಸ್, ಚೀಸ್ ಸಾಸ್ ಹಾಕದೆ ಪಕ್ಕಕ್ಕೆ ಕೊಡಲು ಹೇಳಿ. "ಹಂಗೆ ಬರಲ್ಲ ಸರ್, ರೆಡಿ ಇರುತ್ತೆ" ಎಂದರೆ ಅದೂ ಒಂದು ಉತ್ತರವೇ. ಬೆಳಿಗ್ಗೆಯೇ ಕಲಸಿಟ್ಟಿದ್ದಾರೆ ಎಂದರ್ಥ.

ಹಂತ 7: ತಟ್ಟೆ ಬಂದ ಮೇಲೆ ಏನು ನೋಡಬೇಕು

ಟೋರ್ಟಿಯಾ. ಮೊದಲು ಇದನ್ನೇ, ಬರಿದೇ, ಒಂದು ಚೂರು ಹರಿದು ತಿನ್ನಿ. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಈ ಪರೀಕ್ಷೆ ಯಾರೂ ಕಲಿಸಬೇಕಿಲ್ಲ. ಹಂಚಿನಿಂದ ಈಗ ಇಳಿದ ರೊಟ್ಟಿಗೂ ಬೆಳಿಗ್ಗೆ ಮಾಡಿಟ್ಟು ಬಿಸಿ ಮಾಡಿದ ರೊಟ್ಟಿಗೂ ಇರುವ ವ್ಯತ್ಯಾಸ ಬಾಯಿಗೆ ತಕ್ಷಣ ಗೊತ್ತಾಗುತ್ತದಲ್ಲ, ಟೋರ್ಟಿಯಾದಲ್ಲೂ ಅಷ್ಟೇ. ಮೆಕ್ಕೆಜೋಳದ ಟೋರ್ಟಿಯಾ ಆದರೆ ಮಡಚಿದಾಗ ಮುರಿಯಬಾರದು. ಬರೀ ಮೆಕ್ಕೆಜೋಳದ ಹಿಟ್ಟು ಕಲಸಿದರೆ ಅಂಚು ಸೀಳುತ್ತದೆ. ಅದಕ್ಕೇ ಮೆಕ್ಸಿಕೊದಲ್ಲಿ ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ರುಬ್ಬುತ್ತಾರೆ. ಸುಣ್ಣ ಕಾಳಿನ ಸಿಪ್ಪೆಯನ್ನು ಸಡಿಲಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ, ಕಾಳಿನಲ್ಲಿರುವ ನಯಾಸಿನ್ ಎಂಬ ಜೀವಸತ್ವವನ್ನು ದೇಹಕ್ಕೆ ಸಿಗುವಂತೆ ಮಾಡುತ್ತದೆ. ಹೀಗೆ ಮಾಡಿದ ಟೋರ್ಟಿಯಾಕ್ಕೆ ಒಂದು ವಿಶೇಷ ಘಮ ಇರುತ್ತದೆ. ಒಮ್ಮೆ ಮೂಸಿದರೆ ಮುಂದೆ ಮರೆಯುವುದಿಲ್ಲ. ಕಲಬುರಗಿಯಲ್ಲಿ ಆ ಘಮ ಸಿಕ್ಕರೆ ಆ ಹೋಟೆಲ್ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಗೋಧಿಯದಾದರೆ ಮೆತ್ತಗೆ, ಬಿಸಿಯಾಗಿ, ಅಲ್ಲಲ್ಲಿ ಕಂದು ಚುಕ್ಕೆ ಬಂದಿರಬೇಕು. ಹಸಿ ಹಿಟ್ಟಿನ ವಾಸನೆ ಬಂದರೆ ಬೆಂದಿಲ್ಲ. ಗಟ್ಟಿ ಚಿಪ್ಪು ಸಾಮಾನ್ಯವಾಗಿ ಪ್ಯಾಕೆಟ್‌ದೇ. ಕಾರ್ನಿಟೋಸ್‌ನಂಥ ಭಾರತದ ಕಂಪನಿಗಳೇ ಅವನ್ನು ಮಾರುತ್ತವೆ. ಪ್ಯಾಕೆಟ್ ಚಿಪ್ಪು ಬಳಸುವುದು ತಪ್ಪಲ್ಲ. ಕೊಡುವ ಮುಂಚೆ ಬಿಸಿ ಮಾಡಿ ಗರಿಗರಿ ಮಾಡಿದ್ದಾರಾ ನೋಡಿ. ಹಳೆ ಎಣ್ಣೆಯ ಕಮಟು ವಾಸನೆ ಬಂದರೆ ಚಿಪ್ಪು ಹಳತು.

ಸಾಲ್ಸಾ. ಬೆರಳ ತುದಿಯಷ್ಟು ನಾಲಿಗೆಗೆ ಹಚ್ಚಿ. ಮೊದಲು ಸಿಹಿ ಬಂದರೆ ಅದು ಕೆಚಪ್ ಬೆರೆಸಿದ್ದು. ಮೊದಲು ಹುಳಿ, ಆಮೇಲೆ ಖಾರ, ಕೊನೆಗೆ ಸ್ವಲ್ಪ ಸುಟ್ಟ ಘಮ ಬಂದರೆ ಟೊಮೆಟೊ, ಮೆಣಸಿನಕಾಯಿಯನ್ನು ಹಂಚಿನ ಮೇಲೆ ಸಿಪ್ಪೆ ಕಪ್ಪಾಗುವ ತನಕ ಸುಟ್ಟು ರುಬ್ಬಿದ್ದಾರೆ. ಅದೇ ಸರಿಯಾದ ದಾರಿ. ಹಸಿಯಾಗಿ ಹೆಚ್ಚಿದ ಪಿಕೊ ದೆ ಗಾಯೊ ಆದರೆ ಉಳ್ಳಾಗಡ್ಡಿ ಗರಿಗರಿ ಇರಬೇಕು. ಬಟ್ಟಲ ತಳದಲ್ಲಿ ನೀರು ನಿಂತು ಟೊಮೆಟೊ ಮೆತ್ತಗಾಗಿದ್ದರೆ ಬಹಳ ಹೊತ್ತಿನ ಹಿಂದೆ ಹೆಚ್ಚಿದ್ದು. ನನ್ನ ಲೆಕ್ಕದಲ್ಲಿ ಇಡೀ ಪರೀಕ್ಷೆಯಲ್ಲಿ ಹೆಚ್ಚು ತೂಕ ಸಾಲ್ಸಾಕ್ಕೇ. ಟೋರ್ಟಿಯಾ ಪ್ಯಾಕೆಟ್‌ದಾದರೂ ಸಾಲ್ಸಾ ಚೆನ್ನಾಗಿದ್ದರೆ ಊಟ ನಿಲ್ಲುತ್ತದೆ. ಸಾಲ್ಸಾ ಕೆಟ್ಟರೆ ಏನು ಹಾಕಿದರೂ ಎಬ್ಬಿಸಲಾಗದು.

ಕಾಳು. ಮೆಕ್ಸಿಕೊದಲ್ಲಿ ಕಪ್ಪು ಬೀನ್ಸ್, ಪಿಂಟೊ ಬೀನ್ಸ್. ನಮ್ಮಲ್ಲಿ ಅವುಗಳ ಜಾಗದಲ್ಲಿ ರಾಜ್ಮಾ. ಬದಲಿಯಾಗಿ ಅದು ಚೆನ್ನಾಗೇ ಹೊಂದುತ್ತದೆ. ಒಂದು ಕಾಳು ಬೆರಳಲ್ಲಿ ಒತ್ತಿ, ಬೆಣ್ಣೆಯಂತೆ ಹಿಸುಕಬೇಕು. ಹಲ್ಲಿಗೆ ಕಟಕಟ ಸಿಕ್ಕರೆ ತಟ್ಟೆ ಅಲ್ಲಿಗೇ ಬಿಡಿ, ಇದರಲ್ಲಿ ದಾಕ್ಷಿಣ್ಯ ಬೇಡ. ಸರಿಯಾಗಿ ಬೇಯದ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಅಂಶ ಉಳಿದಿರುತ್ತದೆ. ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ರಾಜ್ಮಾವನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ಕುಕ್ಕರಿನಲ್ಲಿ ಬೇಯಿಸುವ ನಮ್ಮ ರೂಢಿ ಇಲ್ಲಿ ಒಳ್ಳೆಯದೇ.

ಗ್ವಾಕಮೋಲೆ. ಬೆಣ್ಣೆಹಣ್ಣು ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರು ಕಡೆಯಿಂದ ಬರುತ್ತದೆ. ಉಳಿದ ತಿಂಗಳು ಸಿಗುವುದು ಕಷ್ಟ, ಬೆಲೆಯೂ ಜಾಸ್ತಿ. ಹಾಗಾಗಿ ಇದನ್ನು ಪರೀಕ್ಷೆಗೆ ಇಟ್ಟುಕೊಳ್ಳಬೇಡಿ, ಸಿಕ್ಕರೆ ತಿನ್ನಿ ಅಷ್ಟೇ. ಹಿಸುಕಿದ ಹಣ್ಣು ಗಾಳಿಗೆ ಕಂದಾಗುವುದು ಸಹಜ. ಮೇಲೆ ತೆಳ್ಳಗೆ ಕಂದಾಗಿದ್ದರೆ ಹೆದರಬೇಡಿ, ಒಳಗೂ ಕಂದಾಗಿ ಕಹಿ ಬಂದರೆ ಬಿಡಿ.

ಚೀಸ್ ಮತ್ತು ಕ್ರೀಮ್. ಹುಳಿ ಕ್ರೀಮ್ ಬದಲು ನೀರಿಳಿಸಿದ ಗಟ್ಟಿ ಮೊಸರು ಕೊಟ್ಟರೆ ಖುಷಿಯಿಂದ ತಗೊಳ್ಳಿ, ಮೇಯೊನೀಸ್‌ಗಿಂತ ಅದು ಎಷ್ಟೋ ವಾಸಿ.

ಮಾಂಸ ತಿನ್ನುವವರು ಚಿಕನ್ ಬಣ್ಣ ನೋಡಿ. ಬೆರಳಿಗೆ ಗಾಢ ಕೆಂಪು ಅಂಟಿದರೆ ಅದು ಮೆಣಸಿನ ಬಣ್ಣ ಅಲ್ಲದಿರಬಹುದು. ಕರ್ನಾಟಕ ಸರ್ಕಾರ 2024ರಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿ, ಆಮೇಲೆ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಟಾಕೊ ಒಳಗೆ ಹೋಗುವ ಕಬಾಬ್ ತುಂಡಿಗೂ ಅದೇ ಎಚ್ಚರ ಬೇಕು.

ಹಂತ 8: ಎದ್ದು ಬರಬೇಕಾದ ಗುರುತುಗಳು

ಕೆಲವು ಕೊರತೆಗಳನ್ನು ಸಹಿಸಿಕೊಳ್ಳಬಹುದು. ಸಾಲ್ಸಾ ಸ್ವಲ್ಪ ಸಿಹಿ, ಚೀಸ್ ಜಾಸ್ತಿ, ನಿಂಬೆ ಕೊಟ್ಟಿಲ್ಲ, ಪರವಾಗಿಲ್ಲ. ಇವು ಹಾಗಲ್ಲ:

ಬರಿಟೊ ಅನ್ನ ನಡುವೆ ತಣ್ಣಗಿದ್ದು ಹೊರಗೆ ಮಾತ್ರ ಬಿಸಿ. ಬೆಂದ ಅನ್ನ ಹೊರಗೆ ಗಂಟೆಗಟ್ಟಲೆ ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಇವೆರಡರ ನಡುವಿನ ಬಿಸಿಯಲ್ಲಿಟ್ಟ ಪದಾರ್ಥ ನಮ್ಮೂರಿನ ಬೇಸಿಗೆಯಲ್ಲಿ ಬಹಳ ಬೇಗ ಕೆಡುತ್ತದೆ.

ಕೌಂಟರ್ ಮೇಲೆ ಫ್ರಿಜ್ ಇಲ್ಲದೆ ತೆರೆದಿಟ್ಟ ಮೇಯೊನೀಸ್ ಡಬ್ಬಿ. ಪಕ್ಕದ ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ ಹಸಿ ಮೊಟ್ಟೆಯ ಮೇಯೊನೀಸ್ ಅನ್ನು ಒಂದು ವರ್ಷ ನಿಷೇಧಿಸಿತ್ತು, ಕಾರಣ ಇಂಥದ್ದೇ. ಅಲ್ಲೇ ಮಾಡಿದ್ದು, ಮೊಟ್ಟೆ ಹಾಕಿದ್ದು ಎಂದರೆ ತಿನ್ನಬೇಡಿ.

ಹುಳಿ ವಾಸನೆ ಬರುವ ಕಾಳು. ಅಂಟುಅಂಟಾದ ಲೆಟ್ಯೂಸ್ ಎಲೆ. ಕೇಳಿದ ಪ್ರಶ್ನೆಗೆಲ್ಲ ಸಿಡುಕುವ ಮಾಲೀಕರು.

ಹಂತ 9: ಬಿಲ್ ನೋಡಿ

2022ರ ಜನವರಿ 1ರಿಂದ ಹೋಟೆಲ್ ಬಿಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುವುದು ಕಡ್ಡಾಯ. ಇಲ್ಲದಿದ್ದರೆ ಕೇಳಿ. ಊಟದಿಂದ ತೊಂದರೆಯಾದರೆ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಲು ಅದೇ ನಂಬರ್ ನೆರವಾಗುತ್ತದೆ. ಸರ್ವಿಸ್ ಚಾರ್ಜ್ ತಾನಾಗಿ ಸೇರಿಸಿದ್ದರೆ ತೆಗೆಯಲು ಹೇಳಬಹುದು. 2022ರ ಜುಲೈನ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯ ಪ್ರಕಾರ ಅದನ್ನು ಬಲವಂತವಾಗಿ ಹಾಕುವಂತಿಲ್ಲ. ಬಿಲ್ ಫೋಟೋ ತೆಗೆದಿಟ್ಟುಕೊಂಡು, ತಿಂದ ಐಟಂ ಮುಂದೆ ಒಂದೊಂದು ಸಾಲು ಬರೆದಿಡಿ.

ಹಂತ 10: ಎರಡನೇ ಸಲ ಹೋಗಿ ಮಾತಾಡಿ

ಪಟ್ಟಿಯಲ್ಲಿ ಒಂದೋ ಎರಡೋ ಉಳಿದಿರುತ್ತವೆ. ಅಲ್ಲಿಗೆ ಮತ್ತೆ ಹೋಗಿ, ಇನ್ನೊಂದು ದಿನ, ಅದೇ ಟಾಕೊ ಹೇಳಿ. ಎರಡೂ ಸಲ ಒಂದೇ ರುಚಿ ಬಂದರೆ ಅಡುಗೆಯವರ ಕೈ ಗಟ್ಟಿ. ಮೊದಲ ಸಲಕ್ಕೂ ಎರಡನೆಯದಕ್ಕೂ ಸಂಬಂಧವೇ ಇಲ್ಲದಿದ್ದರೆ ಮೊದಲ ದಿನದ್ದು ಅದೃಷ್ಟ.

ಈಗ ಅಡುಗೆಯವರ ಹತ್ತಿರ ಮಾತಾಡಿ. ತಪ್ಪು ಎಣಿಸಲು ಹೋಗಬೇಡಿ, ಚೆನ್ನಾಗಿದ್ದುದನ್ನು ಮೊದಲು ಹೇಳಿ. "ರಾಜ್ಮಾ ಭಾಳ ಚಲೋ ಬೆಂದಿತ್ರೀ ಅಣ್ಣಾರ. ಮುಂದಿನ ಸಲ ಟೊಮೆಟೊ ಹಂಚಿನ ಮ್ಯಾಲೆ ಸುಟ್ಟು ಸಾಲ್ಸಾ ಮಾಡಿ ಕೊಡ್ತೀರೇನ್ರೀ? ಮೊದಲೇ ಫೋನ್ ಮಾಡಿ ನಾಲ್ಕು ಮಂದಿ ಬರ್ತೀವಿ." ನಾಲ್ಕು ಜನರ ಆರ್ಡರ್ ಗ್ಯಾರಂಟಿ ಇದ್ದರೆ ಹೆಚ್ಚಿನವರು ಒಪ್ಪುತ್ತಾರೆ. ಸುಟ್ಟ ಬದನೆಕಾಯಿ, ಸುಟ್ಟ ಮೆಣಸಿನಕಾಯಿ ಗೊತ್ತಿರುವ ಕೈಗೆ ಸುಟ್ಟ ಟೊಮೆಟೊ ಹೊಸದೇನಲ್ಲ. ಚಿಕ್ಕ ಊರಿನ ದೊಡ್ಡ ಲಾಭ ಇದು, ಅಡುಗೆಯವರು ಕೈಗೆ ಸಿಗುತ್ತಾರೆ. ದೊಡ್ಡ ಸರಣಿಯ ಹೋಟೆಲುಗಳಲ್ಲಿ ಇದು ಆಗದ ಮಾತು.

ಹಂತ 11: ಮನೆಗೆ ತರಿಸುವುದು, ಇದೆಲ್ಲ ಆದ ಮೇಲೆ

ಹೋಗಿ ತಿಂದು ನೋಡಿದ ಜಾಗದಿಂದ ಮಾತ್ರ ತರಿಸಿ. ದೂರ ನಾಲ್ಕೈದು ಕಿಲೋಮೀಟರ್ ಒಳಗಿರಲಿ. ಗಟ್ಟಿ ಟಾಕೊ, ನಾಚೋಸ್ ಡಬ್ಬಿಯೊಳಗಿನ ಹಬೆಗೆ ಮೆತ್ತಗಾಗುತ್ತವೆ, ಬೇಡ. ಕೆಸಡಿಯಾ, ಬರಿಟೊ ಪ್ರಯಾಣ ತಡೆಯುತ್ತವೆ. ಸಾಲ್ಸಾ, ಮೊಸರು ಬೇರೆ ಕಟ್ಟಲು ಸೂಚನೆ ಬರೆಯಿರಿ. ಬಂದ ಕೂಡಲೇ ಕೆಸಡಿಯಾವನ್ನು ಎಣ್ಣೆ ಹಾಕದೆ ಕಾದ ಹಂಚಿನ ಮೇಲೆ ಎರಡೂ ಕಡೆ ಒಂದೊಂದು ನಿಮಿಷ ಇಡಿ. ಮೈಕ್ರೋವೇವ್‌ನಲ್ಲಿಟ್ಟರೆ ರಬ್ಬರ್ ಆಗುತ್ತದೆ.

ಹೈದರಾಬಾದ್, ಬೆಂಗಳೂರಿಗೆ ಹೋಗುವವರಿಗೆ

ಕಲಬುರಗಿಯಿಂದ ಹೈದರಾಬಾದ್ ರಸ್ತೆಯಲ್ಲಿ ಸುಮಾರು 220 ಕಿಲೋಮೀಟರ್. ಬೀದರಿನವರಿಗೆ ಇನ್ನೂ ಹತ್ತಿರ. ಆಸ್ಪತ್ರೆ, ಮದುವೆ ಬಟ್ಟೆ, ಕೆಲಸ ಅಂತ ಹೇಗೂ ಹೋಗುತ್ತಿರುತ್ತೇವೆ. ಆಗ ಒಂದು ಊಟ ಇದಕ್ಕೆ ಇಡಿ. ಟಾಕೊ ಬೆಲ್, 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕ್ಯಾಲಿಫೋರ್ನಿಯಾ ಬರಿಟೊ ಎರಡೂ ಈ ಊರುಗಳಲ್ಲಿವೆ. ಇವು ಅಮೆರಿಕದ ರೀತಿಯವು, ಆ ನಿರೀಕ್ಷೆಯಲ್ಲೇ ಹೋಗಿ. ಎದುರಿಗೇ ನಿಮ್ಮ ಬಟ್ಟಲು ಕಟ್ಟಿಕೊಡುವ ಕಡೆ ಯಾವ ಕಾಳು, ಯಾವ ಸಾಲ್ಸಾ ಎಂದು ಒಂದೊಂದನ್ನೂ ಕಣ್ಣಾರೆ ನೋಡಿ ಆರಿಸಬಹುದು. ಹಾಕಿಸಿಕೊಳ್ಳುವ ಮೊದಲು ಸಾಲ್ಸಾ ರುಚಿ ನೋಡಲು ಒಂದು ಚಮಚ ಕೇಳಿ.

ಮೆಕ್ಸಿಕೊದ್ದೇ ಅಡುಗೆ ಮಾಡುತ್ತೇವೆ ಎನ್ನುವ ಹೋಟೆಲ್‌ಗೆ ಹೋಗುವುದಾದರೆ ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಟೋರ್ಟಿಯಾ ಮಾಡುತ್ತೀರಾ ಎಂಬುದು. ಹೌದು ಎಂದರೆ ಬೇರೇನೂ ಹೇಳುವ ಮುಂಚೆ ಎರಡು ಬರೀ ಟೋರ್ಟಿಯಾ ಮತ್ತು ಒಂದು ಬಟ್ಟಲು ಸಾಲ್ಸಾ ತರಿಸಿ ತಿನ್ನಿ. ಸಸ್ಯಾಹಾರಿಗಳು ಕಾಳಿಗೆ ಯಾವ ಕೊಬ್ಬು ಹಾಕುತ್ತಾರೆ ಎಂಬುದನ್ನು ಆರ್ಡರ್ ಕೊಡುವ ಮೊದಲೇ ಕೇಳಿಬಿಡಿ.